ಮೆಕ್ಸಿಕನ್ ಅಡುಗೆಗೆ ಮನೆಯಲ್ಲೇ ಮಸಾಲೆ ಪುಡಿ: ಮೆಣಸಿನಕಾಯಿ ಆರಿಸುವುದರಿಂದ ಡಬ್ಬಿ ತುಂಬುವವರೆಗೆ

ಟ್ಯಾಕೊಗೆ, ಅಂದರೆ ಪಲ್ಯ ತುಂಬಿ ಮಡಚಿದ ಮೆಕ್ಸಿಕನ್ ರೊಟ್ಟಿಗೆ, ಮಸಾಲೆ ಅಂತ ಮಾರುವ ಪ್ಯಾಕೆಟ್ ಒಂದನ್ನು ತಿರುಗಿಸಿ, ಹಿಂದೆ ಏನೇನು ಬರೆದಿದೆ ಓದಿ ನೋಡಿ. ಬಹಳಷ್ಟರಲ್ಲಿ ಉಪ್ಪು ಮೊದಲ ಸಾಲುಗಳಲ್ಲೇ ಇರುತ್ತದೆ. ಜೊತೆಗೆ ಸಕ್ಕರೆ, ಕಾರ್ನ್‌ಫ್ಲೋರ್ ಇಲ್ಲವೇ ಪಿಷ್ಟದಿಂದಲೇ ಮಾಡುವ ಮಾಲ್ಟೊಡೆಕ್ಸ್ಟ್ರಿನ್ ಪುಡಿ. ಪಿಷ್ಟ ಹಾಕುವುದಕ್ಕೆ ಕಾರಣ ಇದೆ. ನೀರು ಬಿದ್ದಾಗ ಮಸಾಲೆ ಗಟ್ಟಿಯಾಗಿ ಮಾಂಸಕ್ಕೋ ಬೀನ್ಸ್ ಕಾಳಿಗೋ ಅಂಟಿಕೊಳ್ಳಬೇಕು. ಆದರೆ ನೀವು ದುಡ್ಡು ಕೊಟ್ಟದ್ದು ಮಸಾಲೆಗೆ, ಅಲ್ವಾ? ಇನ್ನು ಅದರೊಳಗಿನ ಮೆಣಸಿನಕಾಯಿ ಯಾವ ಜಾತಿಯದು ಅನ್ನುವುದು ಹೆಚ್ಚಿನ ಪ್ಯಾಕೆಟ್‌ಗಳ ಮೇಲೆ ಇರುವುದೇ ಇಲ್ಲ. ಮೆಕ್ಸಿಕನ್ ಅಡುಗೆ ಮಾಡುವವರು ಮೊದಲು ಕೇಳುವ ಪ್ರಶ್ನೆಯೇ ಅದು.

ಶುರು ಮಾಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಮೆಕ್ಸಿಕೊದ ಮನೆಗಳಲ್ಲಿ "ಮೆಕ್ಸಿಕನ್ ಮಸಾಲೆ" ಅಂತ ಒಂದು ಡಬ್ಬಿ ಇರುವುದಿಲ್ಲ. ಅಲ್ಲಿ ಒಣಮೆಣಸಿನಕಾಯಿಯನ್ನು ಕಾವಲಿಯ ಮೇಲೆ ಬಾಡಿಸಿ, ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಸೇರಿಸಿ ಅರೆಯುವುದೇ ಹೆಚ್ಚು. ಒಣ ಪುಡಿ ಹೆಸರು ಮಾಡಿದ್ದು ಗಡಿಯ ಆಚೆ, ಅಮೆರಿಕದ ಟೆಕ್ಸಸ್‌ನಲ್ಲಿ. ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಹೆಂಗಸರು ಸಂಜೆಯಾದರೆ ಮೇಜು ಹಾಕಿಕೊಂಡು ಚಿಲ್ಲಿ ಕಾನ್ ಕಾರ್ನೆ, ಅಂದರೆ ಮೆಣಸಿನಕಾಯಿ ರಸದಲ್ಲಿ ಬೆಂದ ಮಾಂಸ, ಮಾರುತ್ತಿದ್ದರು. ಅವರನ್ನು ಜನ "ಚಿಲ್ಲಿ ಕ್ವೀನ್ಸ್" ಅಂತಲೇ ಕರೆಯುತ್ತಿದ್ದರು. ಹತ್ತಿರದ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್ 1890ರ ದಶಕದಲ್ಲಿ ಮೆಣಸಿನಕಾಯಿ ಒಣಗಿಸಿ, ಜೀರಿಗೆ, ಓರೆಗಾನೊ ಸೇರಿಸಿ, ಪುಡಿ ಮಾಡಿ ಬಾಟಲಿಯಲ್ಲಿ ಮಾರಲು ತೊಡಗಿದ. ಇವತ್ತು ಅಮೆರಿಕದಲ್ಲಿ "ಚಿಲ್ಲಿ ಪೌಡರ್" ಅಂದರೆ ಈ ಮಿಶ್ರಣವೇ.

ಹಾಗಾಗಿ ನಾವು ಮಾಡಲು ಹೊರಟಿರುವುದು ಟೆಕ್ಸಸ್ ಕಡೆಯ ಪುಡಿ. ಆದರೆ ಮೆಣಸಿನಕಾಯಿಯನ್ನು ಮೆಕ್ಸಿಕೊದವರು ಆರಿಸುವ ಹಾಗೆ ಆರಿಸಿ, ಅವರು ಬಾಡಿಸುವ ಹಾಗೆ ಬಾಡಿಸಿದರೆ ಪ್ಯಾಕೆಟ್‌ಗಿಂತ ಬೇರೆಯದೇ ರುಚಿ ಬರುತ್ತದೆ. ನನ್ನ ಪ್ರಕಾರ ಇಲ್ಲಿ ಹಿಡಿಯಬೇಕಾದ ಕಟ್ಟುಪಾಡು ಎರಡೇ. ಬಣ್ಣ ಮತ್ತು ರುಚಿ ಕೊಡುವ ಮೆಣಸಿನಕಾಯಿ ಬೇರೆ, ಖಾರ ಕೊಡುವ ಮೆಣಸಿನಕಾಯಿ ಬೇರೆ ಇರಬೇಕು. ಉಪ್ಪು ಡಬ್ಬಿಯೊಳಗೆ ಹೋಗಬಾರದು.

ಮೆಣಸಿನಕಾಯಿ: ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ

ಪುಡಿಯ ತೂಕದಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗ ಮೆಣಸಿನಕಾಯಿ ಇರುತ್ತದೆ. ಖಾರದ್ದನ್ನೇ ಅಷ್ಟು ಹಾಕಿದರೆ ತಿನ್ನಲು ಆಗುವುದಿಲ್ಲ. ಕಡಿಮೆ ಹಾಕಿದರೆ ಜೀರಿಗೆಯ ರುಚಿಯೊಂದೇ ಉಳಿಯುತ್ತದೆ. ಅದಕ್ಕೇ ಖಾರ ಕಡಿಮೆ, ತಿರುಳು ಜಾಸ್ತಿ ಇರುವ ಜಾತಿಗಳು ಬೇಕು.

ಮೊದಲನೆಯದು ಆಂಚೊ. ಪೊಬ್ಲಾನೊ ಅನ್ನುವ ಅಗಲ ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ, ಆಮೇಲೆ ಒಣಗಿದರೆ ಆಂಚೊ. ಅಂಗೈಯಷ್ಟು ಅಗಲ, ಮೈಯೆಲ್ಲ ಸುಕ್ಕು, ಬಣ್ಣ ಕಪ್ಪಿಗೆ ಹತ್ತಿರದ ಕೆಂಪು. ಬೆಳಕಿಗೆ ಹಿಡಿದರೆ ಮಾಣಿಕ್ಯದ ಬಣ್ಣ ಕಾಣುತ್ತದೆ. ಮೂಸಿದರೆ ಒಣದ್ರಾಕ್ಷಿ, ಒಣಗಿದ ಪ್ಲಮ್, ಸ್ವಲ್ಪ ಕೋಕೊ. ಖಾರ ಬಹಳ ಕಡಿಮೆ, ಸ್ಕೋವಿಲ್ ಅನ್ನುವ ಖಾರದ ಅಳತೆಯಲ್ಲಿ (ಅಂಕಿ ಏರಿದಷ್ಟೂ ಖಾರ ಜಾಸ್ತಿ) 1,000ದಿಂದ 2,000. ನಮ್ಮ ಪುಡಿಗೆ ಮೈ ಕೊಡುವುದು ಇದೇ.

ಎರಡನೆಯದು ಗ್ವಾಹಿಯೊ. ಇದರ ಸಿಪ್ಪೆ ನುಣುಪು, ಹೊಳಪು, ಬಣ್ಣ ಇಟ್ಟಿಗೆಗೆಂಪು. ಬೆರಳಿಗಿಂತ ಉದ್ದ. ಖಾರ 2,500ರಿಂದ 5,000. ಆಂಚೊ ಸಿಹಿಯ ಕಡೆ ವಾಲಿದರೆ ಇದು ಹುಳಿಯ ಕಡೆ. ಆಂಚೊ ಒಂದನ್ನೇ ಹಾಕಿದರೆ ಪುಡಿ ಮಂಕಾಗಿ, ಚಾಕೊಲೇಟ್ ಬಣ್ಣದಲ್ಲಿ ಉಳಿದುಬಿಡುತ್ತದೆ. ಗ್ವಾಹಿಯೊ ಸೇರಿದರೆ ಎಣ್ಣೆಗೆ ಬಿದ್ದ ಕೂಡಲೇ ಕೆಂಪು ಏರುತ್ತದೆ.

ಖಾರಕ್ಕೆ ಆರ್ಬೊಲ್. ಸಣ್ಣಗೆ, ತೆಳ್ಳಗೆ, ಕಡುಗೆಂಪು. 15,000ದಿಂದ 30,000. ಎರಡು ಮೂರು ಸಾಕು. ಮಕ್ಕಳಿಗೂ ಇದೇ ಡಬ್ಬಿ ಬಳಸುವುದಾದರೆ ಆರ್ಬೊಲ್ ಬಿಟ್ಟುಬಿಡಿ. ಅದನ್ನು ಬೇರೆಯಾಗಿ ಪುಡಿ ಮಾಡಿ, ಬೇಕಾದವರ ತಟ್ಟೆಗೆ ಉದುರಿಸಿದರಾಯಿತು.

ಹೊಗೆಯ ವಾಸನೆ ಇಷ್ಟವಾದರೆ ಚಿಪೋಟ್ಲೆ ಹಾಕಿ. ಹಣ್ಣಾದ ಹಾಲಪೇನ್ಯೊ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು ಚಿಪೋಟ್ಲೆ. ಎರಡು ಬಗೆ ಸಿಗುತ್ತವೆ. ಮೊರಿಟಾ ಸಣ್ಣದು, ಕಪ್ಪು ನೇರಳೆ ಬಣ್ಣದ್ದು, ಮೆತ್ತಗೆ ಇರುತ್ತದೆ. ಮೆಕೊ ದೊಡ್ಡದು, ಹೊಗೆಯಲ್ಲಿ ಹೆಚ್ಚು ಹೊತ್ತು ಇದ್ದುದರಿಂದ ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. 100 ಗ್ರಾಂ ಪುಡಿಗೆ ಒಂದೇ ಒಂದು ಚಿಪೋಟ್ಲೆ ಸಾಕು. ಹೊಗೆ ಜಾಸ್ತಿಯಾದರೆ ಮಾಡಿದ ಅಡುಗೆಯೆಲ್ಲ ಒಂದೇ ರುಚಿ ಬರುತ್ತದೆ. ಡಬ್ಬದಲ್ಲಿ ಸಾಸ್ ಜೊತೆ ಬರುವ ಚಿಪೋಟ್ಲೆ ಪುಡಿಗೆ ಬರುವುದಿಲ್ಲ, ಒಣಗಿದ್ದೇ ಬೇಕು.

ಕೊಳ್ಳುವಾಗ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಒಳ್ಳೆಯ ಆಂಚೊ ಚರ್ಮದ ಹಾಗೆ ಬಾಗಬೇಕು. ಮುಟ್ಟಿದರೆ ಚೂರಾಗುವುದು ಹಳೆಯ ಸರಕು. ಸಣ್ಣ ತೂತು ಕಂಡರೆ ಹುಳು ಹಿಡಿದಿದೆ ಅಂತ. ತೊಟ್ಟಿನ ಬುಡದಲ್ಲಿ ಬೂದು ಬಣ್ಣದ ಪುಡಿ ಇದ್ದರೆ ಬೂಷ್ಟು, ಆ ಪೊಟ್ಟಣ ಬೇಡ. ಇನ್ನೊಂದು ಎಚ್ಚರಿಕೆ: ಅಮೆರಿಕದ ಅಂಗಡಿಗಳಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾ ಕಡೆ, ಆಂಚೊಗೆ "ಪಸಿಯಾ" ಅಂತ ಚೀಟಿ ಅಂಟಿಸಿರುವುದುಂಟು. ನಿಜವಾದ ಪಸಿಯಾ ಉದ್ದಕ್ಕೆ, ಸಪೂರವಾಗಿ, ಕಪ್ಪಗೆ ಇರುತ್ತದೆ. ಅಗಲವಾಗಿದ್ದರೆ ಚೀಟಿಯಲ್ಲಿ ಏನೇ ಇರಲಿ, ಅದು ಆಂಚೊ.

ಈ ಜಾತಿಗಳು ಸಿಗಲೇ ಇಲ್ಲ ಅಂತಾದರೆ? ಬಣ್ಣ ಗಾಢವಾಗಿದ್ದು, ಖಾರ ಕಡಿಮೆ ಇರುವ ಯಾವುದೇ ಒಣಮೆಣಸಿನಕಾಯಿ ತೆಗೆದುಕೊಳ್ಳಿ. ಆಂಚೊದ ಹಣ್ಣಿನ ಸಿಹಿ ಅದರಲ್ಲಿ ಇರುವುದಿಲ್ಲ. ಅದಕ್ಕೆ ಅರ್ಧ ಚಮಚ ಸಿಹಿಯಿಲ್ಲದ ಕೋಕೊ ಪುಡಿ ಸೇರಿಸಿದರೆ ಆ ಕಡೆಗೆ ಸ್ವಲ್ಪ ವಾಲುತ್ತದೆ. ಚಿಪೋಟ್ಲೆ ಬದಲು ಹೊಗೆ ಹಾಕಿದ ಪ್ಯಾಪ್ರಿಕಾ (ಸಾಮಾನ್ಯವಾಗಿ ಖಾರ ಕಡಿಮೆ ಇರುವ ಕೆಂಪು ಮೆಣಸಿನಕಾಯಿ ಪುಡಿ) ನಡೆಯುತ್ತದೆ.

ಉಳಿದ ಸಾಮಾನು

ಜೀರಿಗೆ ಮೆಕ್ಸಿಕೊಗೆ ಸ್ಪೇನಿನವರ ಜೊತೆ ಬಂದದ್ದು. ಕಾಳುಮೆಣಸು, ಲವಂಗ, ಚಕ್ಕೆ, ಕೊತ್ತಂಬರಿ, ಬೆಳ್ಳುಳ್ಳಿ ಕೂಡ ಹಾಗೆಯೇ, 1521ರಲ್ಲಿ ಅಲ್ಲಿಯ ಅಸ್ಟೆಕ್ ಸಾಮ್ರಾಜ್ಯದ ರಾಜಧಾನಿ ಸ್ಪೇನಿನವರ ಕೈಗೆ ಬಿದ್ದ ನಂತರದ ಕಾಲದ ಸಾಮಾನು. ಮೆಣಸಿನಕಾಯಿ, ಮೆಕ್ಸಿಕನ್ ಓರೆಗಾನೊ, ಅಚಿಯೋಟೆ (ಕೆಂಪು ಬಣ್ಣ ಕೊಡುವ ಬೀಜ), ಆಲ್‌ಸ್ಪೈಸ್ (ಲವಂಗ, ಚಕ್ಕೆಯ ಪರಿಮಳ ಬೆರೆತಂತಿರುವ ಕಾಳು) ಅಲ್ಲಿಯವೇ. ಜೀರಿಗೆಯನ್ನು ಧಾರಾಳವಾಗಿ ಸುರಿಯುವುದು ಟೆಕ್ಸಸ್ ರೂಢಿ. ಮಧ್ಯ ಮತ್ತು ದಕ್ಷಿಣ ಮೆಕ್ಸಿಕೊದಲ್ಲಿ ಅದನ್ನು ಚಿಟಿಕೆ ಲೆಕ್ಕದಲ್ಲಿ ಹಾಕುತ್ತಾರೆ. ಕೆಳಗಿನ ಅಳತೆ ನಡುವಿನದು. ಜೀರಿಗೆ ವಾಸನೆ ಮುಂದೆ ಬರುವುದು ಇಷ್ಟವಿಲ್ಲದವರು ಅರ್ಧ ಮಾಡಿಕೊಳ್ಳಬಹುದು.

ಓರೆಗಾನೊ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಮಾಡಿ. ಪಿಜ್ಜಾ ಮೇಲೆ ಉದುರಿಸುವ ಓರೆಗಾನೊ ಪುದೀನ ಕುಟುಂಬದ ಗಿಡ. ಮೆಕ್ಸಿಕನ್ ಓರೆಗಾನೊ ವರ್ಬೆನಾ ಕುಟುಂಬದ್ದು, ಎರಡಕ್ಕೂ ಹತ್ತಿರದ ನೆಂಟಸ್ತನ ಇಲ್ಲ. ಇದರಲ್ಲಿ ನಿಂಬೆ ಸಿಪ್ಪೆಯಂಥ ಪರಿಮಳ ಇರುತ್ತದೆ, ಮೆಣಸಿನಕಾಯಿ ಜೊತೆ ಚೆನ್ನಾಗಿ ಹೊಂದುತ್ತದೆ. ಎಲೆಯಾಗಿಯೇ ಸಿಗುವುದನ್ನು ತಗೊಳ್ಳಿ, ಪುಡಿ ಬೇಡ. ಸಿಗದಿದ್ದರೆ ಮಾರ್ಜೊರಮ್ ಅನ್ನುವ ಗಿಡದ ಒಣ ಎಲೆ ಹತ್ತಿರ ಬರುತ್ತದೆ. ಅದೂ ಇಲ್ಲ ಅಂದರೆ ಪಿಜ್ಜಾ ಓರೆಗಾನೊವನ್ನೇ ಮುಕ್ಕಾಲು ಪಾಲು ಹಾಕಿ.

ಚಕ್ಕೆಯಲ್ಲಿ ಮೆಕ್ಸಿಕೊದವರು ಬಳಸುವುದು ಸಿಲೋನ್ ಚಕ್ಕೆ. ತೆಳುವಾದ ಪದರಗಳು ಸುತ್ತಿಕೊಂಡಿರುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಗಟ್ಟಿ, ದಪ್ಪ ತೊಗಟೆಯ ಕ್ಯಾಸಿಯಾ ಚಕ್ಕೆ ತೀಕ್ಷ್ಣ, ಅದನ್ನು ಹಾಕುವುದಾದರೆ ಅರ್ಧ ಸಾಕು.

ಅಳತೆ

ಇದು ಸುಮಾರು 100 ಗ್ರಾಂ ಪುಡಿಗೆ. ಮೆಣಸಿನಕಾಯಿ ತೂಕ ತೊಟ್ಟು, ಬೀಜ ತೆಗೆದ ಮೇಲಿನದು. ದೊಡ್ಡ ಚಮಚ ಅಂದರೆ 15 ಮಿಲಿ, ಸಣ್ಣ ಚಮಚ ಅಂದರೆ 5 ಮಿಲಿ.

- ಆಂಚೊ 40 ಗ್ರಾಂ
- ಗ್ವಾಹಿಯೊ 20 ಗ್ರಾಂ
- ಆರ್ಬೊಲ್ 2 ಅಥವಾ 3, ಇಲ್ಲವೇ ಒಂದು ಚಿಪೋಟ್ಲೆ
- ಜೀರಿಗೆ 12 ಗ್ರಾಂ (2 ದೊಡ್ಡ ಚಮಚ)
- ಕೊತ್ತಂಬರಿ ಬೀಜ 5 ಗ್ರಾಂ (1 ದೊಡ್ಡ ಚಮಚ)
- ಮೆಕ್ಸಿಕನ್ ಓರೆಗಾನೊ ಎಲೆ 4 ಗ್ರಾಂ (4 ಸಣ್ಣ ಚಮಚ)
- ಕಾಳುಮೆಣಸು 1 ಸಣ್ಣ ಚಮಚ
- ಬೆಳ್ಳುಳ್ಳಿ ಪುಡಿ 10 ಗ್ರಾಂ (1 ದೊಡ್ಡ ಚಮಚ)
- ಈರುಳ್ಳಿ ಪುಡಿ 7 ಗ್ರಾಂ (1 ದೊಡ್ಡ ಚಮಚ)
- ಬೇಕಿದ್ದರೆ ಲವಂಗ 2, ಸಿಲೋನ್ ಚಕ್ಕೆ ಒಂದು ಇಂಚು

ಅಡುಗೆಮನೆ ತಕ್ಕಡಿ ಇದ್ದರೆ ಮೆಣಸಿನಕಾಯಿಯನ್ನು ತೂಗಿಯೇ ಹಾಕಿ. ಒಂದು ಆಂಚೊ ಇನ್ನೊಂದರ ಎರಡರಷ್ಟು ಇರುತ್ತದೆ, ಎಣಿಸಿ ಹಾಕಿದರೆ ಲೆಕ್ಕ ಸಿಗುವುದಿಲ್ಲ.

ಬಿಡಿಸುವುದು, ಬಾಡಿಸುವುದು

ಮೆಣಸಿನಕಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಳೆಯಬೇಡಿ. ತೊಟ್ಟು ಮುರಿದು, ಕತ್ತರಿಯಲ್ಲಿ ಉದ್ದಕ್ಕೆ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ. ಬೀಜ ಕೊಡವಿ. ಒಳಗೆ ಹಳದಿ ಬಣ್ಣದ ನಾರು ಅಂಟಿಕೊಂಡಿರುತ್ತದೆ ನೋಡಿ, ಖಾರ ಹುಟ್ಟುವುದು ಅಲ್ಲಿ. ಬೀಜಕ್ಕೆ ಖಾರ ಬರುವುದು ಆ ನಾರಿಗೆ ತಗಲಿಕೊಂಡಿರುವುದರಿಂದ. ಖಾರ ಕಡಿಮೆ ಬೇಕಾದರೆ ನಾರನ್ನು ಕಿತ್ತುಹಾಕಿ, ಬೇಕಾದರೆ ಹಾಗೇ ಬಿಡಿ. ಬೀಜ ಮಾತ್ರ ತೆಗೆಯಲೇಬೇಕು, ಅರೆದರೆ ಕಹಿ. ಕೈಗೆ ಗ್ಲೌಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಮೊದಲು ಎಣ್ಣೆ ತಿಕ್ಕಿಕೊಂಡು, ಆಮೇಲೆ ಸೋಪು ಹಾಕಿ ತೊಳೆಯಿರಿ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ.

ಈಗ ಕಾವಲಿ. ಮೆಕ್ಸಿಕೊದಲ್ಲಿ ಇದಕ್ಕೆ ಕೊಮಾಲ್ ಅನ್ನುವ ಚಪ್ಪಟೆ ಹೆಂಚು ಬಳಸುತ್ತಾರೆ, ಮಣ್ಣಿನದು ಅಥವಾ ಕಬ್ಬಿಣದ್ದು. ದಪ್ಪ ತಳದ ಯಾವ ಕಾವಲಿಯಾದರೂ ಆದೀತು. ಎಣ್ಣೆ ಹಾಕಬೇಡಿ. ಮಧ್ಯಮ ಉರಿಯಲ್ಲಿ ಕಾಯಲಿ. ಕಿಟಕಿ ತೆರೆದಿಡಿ, ಘಾಟು ಬಂದೇ ಬರುತ್ತದೆ.

ಮೊದಲು ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಲವಂಗ. ಕೈಯಾಡಿಸುತ್ತಲೇ ಇರಿ. ಒಂದೂವರೆ ನಿಮಿಷದ ಹೊತ್ತಿಗೆ ಜೀರಿಗೆ ಬಣ್ಣ ಒಂದು ಛಾಯೆ ಕಂದಾಗಿ ಪರಿಮಳ ಬರುತ್ತದೆ. ತಕ್ಷಣ ತಟ್ಟೆಗೆ ಸುರಿಯಿರಿ. ಉರಿ ಆರಿಸಿ ಕಾವಲಿಯಲ್ಲೇ ಬಿಟ್ಟರೆ ಆ ಬಿಸಿಗೇ ಕಮರಿ ಹೋಗುತ್ತದೆ.

ಆಮೇಲೆ ಮೆಣಸಿನಕಾಯಿ. ಒಂದೊಂದು ಜಾತಿಯನ್ನು ಬೇರೆ ಬೇರೆಯಾಗಿ ಬಾಡಿಸಿ. ಗ್ವಾಹಿಯೊ ಸಿಪ್ಪೆ ತೆಳು, ಆಂಚೊ ದಪ್ಪ. ಒಟ್ಟಿಗೆ ಹಾಕಿದರೆ ಒಂದು ಬಾಡುವುದರೊಳಗೆ ಇನ್ನೊಂದು ಸೀದಿರುತ್ತದೆ. ಬಿಡಿಸಿದ ತುಂಡನ್ನು ಒಳಭಾಗ ಕೆಳಗೆ ಮಾಡಿ ಹಾಕಿ, ಮಗುಚುವ ಕೈಯಿಂದ ಒತ್ತಿಹಿಡಿಯಿರಿ. ಸಣ್ಣಗೆ ಚಟಪಟ ಸದ್ದು ಕೇಳುತ್ತದೆ. ಹತ್ತು ಹದಿನೈದು ಸೆಕೆಂಡಿಗೆ ತಿರುಗಿಸಿ ನೋಡಿ. ಒಳಮೈಯ ಬಣ್ಣ ಸ್ವಲ್ಪ ತಿಳಿಯಾಗಿ, ತಂಬಾಕಿನ ಎಲೆಯ ಛಾಯೆಗೆ ಬಂದಿರಬೇಕು, ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದಿರಬೇಕು. ಇನ್ನೊಂದು ಬದಿಗೂ ಅಷ್ಟೇ ಹೊತ್ತು. ತೆಳು ಹೊಗೆಯ ಎಳೆ ಕಂಡರೆ ತೆಗೆಯುವ ಹೊತ್ತು ಆಗಲೇ ಆಗಿದೆ ಅಂತ ಅರ್ಥ. ಕಪ್ಪು ಕಲೆ ಬಿದ್ದ ತುಂಡನ್ನು ಎಸೆದುಬಿಡಿ, ಪಾಪ ಅನ್ನಬೇಡಿ. ಒಂದು ಸೀದ ಗ್ವಾಹಿಯೊ ಇಡೀ ಡಬ್ಬಿಯನ್ನು ಕಹಿ ಮಾಡುತ್ತದೆ, ಆಮೇಲೆ ಸಕ್ಕರೆ ಸುರಿದರೂ ಆ ಕಹಿ ಹೋಗುವುದಿಲ್ಲ.

ಆಂಚೊ ಬಾಡಿಸಿದ ಮೇಲೂ ಮೆತ್ತಗೆ ಇರುತ್ತದೆ. ಅದರೊಳಗೆ ತೇವ ಇದೆ. ಹಾಗೇ ಮಿಕ್ಸಿಗೆ ಹಾಕಿದರೆ ಪುಡಿಯಾಗುವ ಬದಲು ಮುದ್ದೆಯಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. 100 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಹತ್ತು ಹದಿನೈದು ನಿಮಿಷ ಹರಡಿಡಿ. ಓವನ್ ಇಲ್ಲವೇ? ಕಾವಲಿಯನ್ನು ತೀರಾ ಸಣ್ಣ ಉರಿಯಲ್ಲಿಟ್ಟು, ಆಗಾಗ ತಿರುಗಿಸುತ್ತಾ ಒಣಗಿಸಿ. ಬಿಸಿಯಲ್ಲಿ ಎಲ್ಲವೂ ಮೆತ್ತಗೇ ಕಾಣುತ್ತವೆ, ಹಾಗಾಗಿ ಒಂದು ತುಂಡು ಹೊರತೆಗೆದು ಎರಡು ನಿಮಿಷ ಆರಿಸಿ ಮುರಿದು ನೋಡಿ. ಪಟ್ ಅಂತ ಮುರಿದರೆ ಆಯಿತು. ಬಾಗಿದರೆ ಇನ್ನೂ ಹೊತ್ತು ಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ವಾರ ಕಳೆಯುವುದರೊಳಗೆ ಡಬ್ಬಿಯಲ್ಲಿ ಗಂಟು ಕಟ್ಟುತ್ತದೆ, ಬೂಷ್ಟು ಬಂದರೂ ಬಂತು.

ಓರೆಗಾನೊ ಹುರಿಯುವುದೇ ಬೇಡ. ಉರಿ ಆರಿಸಿದ ಕಾವಲಿಯ ಮೇಲೆ ಹಾಕಿ ನಾಲ್ಕೈದು ಸೆಕೆಂಡು ಕೈಯಾಡಿಸಿ ತೆಗೆದರೆ ಸಾಕು. ಬೆಳ್ಳುಳ್ಳಿ, ಈರುಳ್ಳಿ ಪುಡಿಗೆ ಬಿಸಿ ತೋರಿಸಲೇಬೇಡಿ.

ಪುಡಿ ಮಾಡುವುದು

ಎಲ್ಲ ಪೂರ್ತಿ ಆರಬೇಕು. ಬೆಚ್ಚಗಿದ್ದಾಗ ಅರೆದರೆ ಜಾರ್ ಮುಚ್ಚಳದಲ್ಲಿ ಬೆವರಿಳಿಯುತ್ತದೆ. ಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದು ಮಿಕ್ಸಿಯ ಒಣ ಸಣ್ಣ ಜಾರ್‌ಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ಪರಿಮಳ ಹಾರಿಹೋಗುತ್ತದೆ. ತರಿತರಿಯಾದ ಮೇಲೆ ಹುರಿದ ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಲವಂಗ, ಜೊತೆಗೆ ಚಕ್ಕೆ ಸೇರಿಸಿ ಇನ್ನೊಂದು ಸುತ್ತು. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬೇಡಿ! ಎರಡು ಮೂರು ನಿಮಿಷ ಬಿಟ್ಟು, ಧೂಳು ಕೂತ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ.

ಜರಡಿ ಹಿಡಿಯಿರಿ. ಮೇಲೆ ಉಳಿದ ಸಿಪ್ಪೆ ಚೂರನ್ನು ಮತ್ತೊಮ್ಮೆ ಅರೆಯಿರಿ. ತೀರಾ ನುಣ್ಣಗೆ ಆಗಬೇಕೆಂದಿಲ್ಲ, ಬೆರಳ ನಡುವೆ ಉಜ್ಜಿದಾಗ ಸ್ವಲ್ಪ ತರಿ ಸಿಕ್ಕರೆ ಚೆನ್ನ. ಕೊನೆಗೆ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಹಾಕಿ, ಓರೆಗಾನೊ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ, ಚಮಚದಲ್ಲಿ ಕಲಸಿ. ಜಾರ್ ಸ್ವಚ್ಛ ಮಾಡಲು ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ. ವಾಸನೆ ಬಹುಪಾಲು ಅದರೊಂದಿಗೆ ಹೋಗುತ್ತದೆ.

ರುಚಿ ನೋಡುವ ಕ್ರಮವೂ ಇದೆ. ಸುಮ್ನೆ ನಾಲಿಗೆಗೆ ಇಟ್ಟುಕೊಂಡರೆ ಒಣ ಪುಡಿ ಧೂಳಿನಂತೆ, ಕಹಿಯಾಗಿ ಅನ್ನಿಸುತ್ತದೆ. ಸಣ್ಣ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಬೆಚ್ಚಗೆ ಮಾಡಿ, ಅರ್ಧ ಸಣ್ಣ ಚಮಚ ಪುಡಿ ಹಾಕಿ, ಉರಿ ಆರಿಸಿ. ನೊರೆ ಎದ್ದು ಎಣ್ಣೆ ಕೆಂಪಾಗುತ್ತದೆ. ಬೇಯಿಸಿದ ಆಲೂಗಡ್ಡೆ ಅಥವಾ ಬೀನ್ಸ್ ಮೇಲೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ ತಿನ್ನಿ. ಈಗ ನಿಜವಾದ ರುಚಿ ಗೊತ್ತಾಗುತ್ತದೆ. ಜೀರಿಗೆ ಮುಂದೆ ಬಂದಿದ್ದರೆ ಇನ್ನೂ ಎರಡು ಆಂಚೊ ಬಾಡಿಸಿ ಪುಡಿ ಮಾಡಿ ಬೆರೆಸಿ. ಸಪ್ಪೆ ಅನ್ನಿಸಿದರೆ ಬೈಯುವ ಮುಂಚೆ ಉಪ್ಪು ಸರಿಯಿದೆಯಾ ನೋಡಿ, ಎರಡು ಹನಿ ನಿಂಬೆರಸ ಹಿಂಡಿ ನೋಡಿ.

ಪುಡಿಗಳಷ್ಟೇ ಇದ್ದರೆ

ಹುರಿಯುವ ತಾಳ್ಮೆ ಇಲ್ಲದ ದಿನಗಳಿಗೆ: ಖಾರ ಕಡಿಮೆಯಿರುವ ಮೆಣಸಿನಕಾಯಿ ಪುಡಿ 4 ದೊಡ್ಡ ಚಮಚ, ಹೊಗೆ ಹಾಕಿದ ಪ್ಯಾಪ್ರಿಕಾ 1, ಜೀರಿಗೆ ಪುಡಿ ಒಂದೂವರೆ, ಬೆಳ್ಳುಳ್ಳಿ ಪುಡಿ 1, ಈರುಳ್ಳಿ ಪುಡಿ 1, ಓರೆಗಾನೊ 1, ಕೊತ್ತಂಬರಿ ಪುಡಿ ಅರ್ಧ, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ. ಕಲಸಿದರೆ ಮುಗಿಯಿತು. ಆದರೆ ಮೆಣಸಿನಕಾಯಿ ಪುಡಿ ಕೊಳ್ಳುವಾಗ ಚೀಟಿ ಓದಿ. ಅಮೆರಿಕದ ಬ್ರ್ಯಾಂಡ್‌ನ ಚಿಲ್ಲಿ ಪೌಡರ್‌ನಲ್ಲಿ ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ, ಕೆಲವೊಮ್ಮೆ ಉಪ್ಪು ಕೂಡ ಮೊದಲೇ ಇರುತ್ತವೆ. ಅದನ್ನೇ ಹಾಕಿ ಮತ್ತೆ ಇವೆಲ್ಲ ಸೇರಿಸಿದರೆ ಎಲ್ಲವೂ ಎರಡೆರಡು ಪಾಲು. "ಆಂಚೊ ಪೌಡರ್" ಅಂತ ಜಾತಿಯ ಹೆಸರಿರುವ ಬಾಟಲಿ ಸಿಕ್ಕರೆ ಅದು ಬರೀ ಮೆಣಸಿನಕಾಯಿ, ನಮಗೆ ಬೇಕಾದ್ದು ಅದೇ.

ಬಳಸುವುದು ಹೇಗೆ

ಅರ್ಧ ಕೆಜಿ ಕೊಚ್ಚಿದ ಮಾಂಸಕ್ಕೋ ಬೇಯಿಸಿದ ಕಪ್ಪು ಬೀನ್ಸ್‌ಗೋ 2 ದೊಡ್ಡ ಚಮಚ ಪುಡಿ, ಮುಕ್ಕಾಲು ಸಣ್ಣ ಚಮಚ ಉಪ್ಪಿನಿಂದ ಶುರು ಮಾಡಿ. ಉಪ್ಪನ್ನು ಡಬ್ಬಿಯಿಂದ ಹೊರಗಿಟ್ಟದ್ದರ ಲಾಭ ಇಲ್ಲಿ ಗೊತ್ತಾಗುತ್ತದೆ. ಡಬ್ಬಾ ಬೀನ್ಸ್‌ನಲ್ಲಿ ಉಪ್ಪು ಮೊದಲೇ ಇರುತ್ತದೆ, ಚೀಸ್‌ನಲ್ಲಿ ಇನ್ನಷ್ಟು. ಖಾರ, ರುಚಿ ಬೇಕೆಂದು ಮತ್ತೊಂದು ಚಮಚ ಪುಡಿ ಹಾಕಿದರೂ ಉಪ್ಪು ಏರುವುದಿಲ್ಲ.

ಈರುಳ್ಳಿ ಬಾಡಿ, ಮಾಂಸದ ನೀರು ಇಂಗಿದ ಮೇಲೆ ಉರಿ ಸಣ್ಣ ಮಾಡಿ. ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಕಾಣುತ್ತಿರಬೇಕು, ಇಲ್ಲದಿದ್ದರೆ ಒಂದು ಚಮಚ ಹಾಕಿ. ಪುಡಿ ಉದುರಿಸಿ ಅರ್ಧ ನಿಮಿಷ ಕೈಯಾಡಿಸಿ. ಮೆಣಸಿನಕಾಯಿಯ ಬಣ್ಣ, ಖಾರ, ಜೀರಿಗೆಯ ಪರಿಮಳ ಎಲ್ಲವೂ ಎಣ್ಣೆಯಲ್ಲಿ ಬಿಟ್ಟುಕೊಳ್ಳುವಂಥವು. ಅರ್ಧ ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಬೆಳ್ಳುಳ್ಳಿ ಪುಡಿ ಬೇಗ ಸೀಯುತ್ತದೆ. ಕೂಡಲೇ ಟೊಮೆಟೊ ಅಥವಾ ಅರ್ಧ ಲೋಟ ನೀರು ಹಾಕಿ, ಮುಚ್ಚಿ ಹತ್ತು ನಿಮಿಷ ಕುದಿಸಿ. ಪ್ಯಾಕೆಟ್ ಮಸಾಲೆಯ ಹಾಗೆ ಗಟ್ಟಿಯಾಗಬೇಕು ಅಂದರೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ನೀರಲ್ಲಿ ಕದಡಿ ಕೊನೆಗೆ ಹಾಕಿ.

ಫಹೀಟಾಗೆ, ಅಂದರೆ ರೊಟ್ಟಿಯಲ್ಲಿ ಸುತ್ತಿ ತಿನ್ನುವ ಹುರಿದ ಮಾಂಸ, ತರಕಾರಿಗೆ, ದಪ್ಪಮೆಣಸಿನಕಾಯಿ, ಈರುಳ್ಳಿಯನ್ನು ಜೋರು ಉರಿಯಲ್ಲಿ ಹುರಿಯುತ್ತೀರಿ, ಅಲ್ಲಿ ಪುಡಿಯನ್ನು ಕೊನೆಯ ನಿಮಿಷದಲ್ಲಿ ಹಾಕಿ. ಚಿಲ್ಲಿ ಕಾನ್ ಕಾರ್ನೆ ಮಾಡುವುದಾದರೆ ಅಳತೆ ಎರಡರಷ್ಟು ಬೇಕು. 1977ರಲ್ಲಿ ಟೆಕ್ಸಸ್ ಇದನ್ನು ತನ್ನ ಅಧಿಕೃತ ರಾಜ್ಯ ಖಾದ್ಯ ಅಂತ ಘೋಷಿಸಿತು. ಅಲ್ಲಿಯ ಕಟ್ಟಾ ಅಭಿಮಾನಿಗಳು ಅದಕ್ಕೆ ಬೀನ್ಸ್ ಹಾಕುವುದನ್ನೇ ಒಪ್ಪುವುದಿಲ್ಲ. ನಾನಂತೂ ಹಾಕುತ್ತೇನೆ.

ಇದೇ ಪುಡಿಯಿಂದ ಹಸಿ ಮಸಾಲೆಯೂ ಆಗುತ್ತದೆ. 3 ದೊಡ್ಡ ಚಮಚ ಪುಡಿಗೆ 4 ದೊಡ್ಡ ಚಮಚ ಬಿಸಿನೀರು ಸುರಿದು ಹತ್ತು ನಿಮಿಷ ಬಿಡಿ. ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ವಿನೆಗರ್, ಎಣ್ಣೆ, ಉಪ್ಪು ಸೇರಿಸಿ ಕಲಸಿದರೆ ಅಡೋಬೊ (ಮೆಕ್ಸಿಕೊದ ಹುಳಿ-ಖಾರದ ಮೆಣಸಿನಕಾಯಿ ಮಸಾಲೆ) ತರಹದ ಲೇಪ. ಕೋಳಿ, ಪನೀರ್, ಹೂಕೋಸು ಯಾವುದಕ್ಕಾದರೂ ಬಳಿದು ಒಂದೆರಡು ಗಂಟೆ ಇಟ್ಟು ಸುಡಬಹುದು.

ಜೊತೆಗೆ ಇನ್ನೆರಡು

ಆಗ್ನೇಯ ಮೆಕ್ಸಿಕೊದ ಯುಕಟಾನ್ ಕಡೆಯ ರೆಕಾಡೊ ರೋಹೊ ಅನ್ನುವ ಅರೆದ ಕೆಂಪು ಮಸಾಲೆ ಇದಕ್ಕೆ ಸಂಬಂಧವೇ ಇಲ್ಲದ ರುಚಿ. ಅದರ ಕೆಂಪು ಅಚಿಯೋಟೆ ಬೀಜದ್ದು, ಮೆಣಸಿನಕಾಯಿಯದಲ್ಲ. ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕೊಚಿನಿತಾ ಪಿಬಿಲ್ ಅನ್ನುವ ಹಂದಿಮಾಂಸದ ಅಡುಗೆಗೆ ಇದನ್ನೇ ಹಚ್ಚುತ್ತಾರೆ. 3 ದೊಡ್ಡ ಚಮಚ ಅಚಿಯೋಟೆ, 1 ಸಣ್ಣ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, 5 ಆಲ್‌ಸ್ಪೈಸ್ ಕಾಳು, 2 ಲವಂಗ, 2 ಸಣ್ಣ ಚಮಚ ಓರೆಗಾನೊ ಪುಡಿ ಮಾಡಿ. 5 ಎಸಳು ಬೆಳ್ಳುಳ್ಳಿ, ಉಪ್ಪು, ಹುಳಿ ಕಿತ್ತಳೆಯ ರಸ ಹಾಕಿ ಅರೆಯಿರಿ. ಹುಳಿ ಕಿತ್ತಳೆ ಇಲ್ಲದಿದ್ದರೆ ಮಾಮೂಲಿ ಕಿತ್ತಳೆ ರಸಕ್ಕೆ ನಿಂಬೆ ರಸ ಬೆರೆಸಿ. ಅಚಿಯೋಟೆ ಬೀಜ ಕಲ್ಲಿನಷ್ಟು ಗಟ್ಟಿ. ಮಿಕ್ಸಿ ಸದ್ದು ಬದಲಾದರೆ ನಿಲ್ಲಿಸಿ, ಬೀಜವನ್ನು ರಾತ್ರಿಯಿಡೀ ಆ ರಸದಲ್ಲೇ ನೆನೆಸಿ ಮರುದಿನ ಅರೆಯಿರಿ. ಬಿಳಿ ಬಟ್ಟೆ ಹಾಕಿಕೊಂಡು ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನೊಂದು, ಹಣ್ಣಿಗೆ ಉದುರಿಸುವ ಖಾರ-ಹುಳಿ ಉಪ್ಪು. ಮೆಕ್ಸಿಕೊದ ಬೀದಿಗಳಲ್ಲಿ ಮಾವು, ಸೌತೆ, ಹೀಕಮಾ ಗೆಡ್ಡೆ ಹೆಚ್ಚಿ ಇಂಥದ್ದನ್ನು ಉದುರಿಸಿ ಕೊಡುತ್ತಾರೆ. ಬಾಡಿಸಿದ ಗ್ವಾಹಿಯೊ ಪುಡಿ 2 ದೊಡ್ಡ ಚಮಚ, ಉಪ್ಪು 1 ದೊಡ್ಡ ಚಮಚ, ಸಿಟ್ರಿಕ್ ಆಸಿಡ್ ಅರ್ಧ ಸಣ್ಣ ಚಮಚ. ಇಲ್ಲಿ ಜೀರಿಗೆ ಬೇಡ, ಬೆಳ್ಳುಳ್ಳಿ ಬೇಡ. ತಾಜಾ ನಿಂಬೆ ರಸ ಹಾಕಿದರೆ ಪುಡಿ ಮುದ್ದೆಯಾಗುತ್ತದೆ, ಅದಕ್ಕೇ ಸಿಟ್ರಿಕ್ ಆಸಿಡ್.

ಎತ್ತಿಡುವುದು

ಬಿಗಿ ಮುಚ್ಚಳದ ಗಾಜಿನ ಡಬ್ಬಿ, ಒಲೆಯಿಂದ ದೂರ, ಕತ್ತಲು. ಬೆಳಕಿಗೆ ಬಣ್ಣ ಹೋಗುತ್ತದೆ, ಒಲೆಯ ಬಿಸಿಗೆ ಪರಿಮಳ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಉದುರಿಸುವ ಅಭ್ಯಾಸ ಇದ್ದರೆ ಬಿಡಿ. ಹಬೆ ಒಳಗೆ ಹೋದರೆ ಬೆಳ್ಳುಳ್ಳಿ, ಈರುಳ್ಳಿ ಪುಡಿ ತೇವ ಎಳೆದುಕೊಂಡು ಗಟ್ಟಿಯಾಗುತ್ತವೆ. ಒಣ ಚಮಚದಲ್ಲಿ ತಟ್ಟೆಗೆ ತೆಗೆದುಕೊಂಡು ಹಾಕಿ. ಡಬ್ಬಿಯ ಮೇಲೆ ತಿಂಗಳು ಬರೆದು ಅಂಟಿಸಿ. ಮೂರು ತಿಂಗಳು ರುಚಿ ಜೋರಾಗಿರುತ್ತದೆ, ಆರು ತಿಂಗಳವರೆಗೆ ನಡೆಯುತ್ತದೆ. ಇಡಿಯ ಮೆಣಸಿನಕಾಯಿ ಇದಕ್ಕಿಂತ ಹೆಚ್ಚು ದಿನ ಬರುತ್ತದೆ, ಫ್ರೀಜರ್‌ನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ವರ್ಷದವರೆಗೂ. ಆದ್ದರಿಂದ ಮೆಣಸಿನಕಾಯಿ ಜಾಸ್ತಿ ಕೊಂಡರೂ ಪುಡಿಯನ್ನು 100 ಗ್ರಾಂಗಿಂತ ಹೆಚ್ಚು ಮಾಡಿಡಬೇಡಿ. ಅರ್ಧ ಕೆಜಿ ಅಡುಗೆಯ ಲೆಕ್ಕದಲ್ಲಿ ಅದು ಆರೇಳು ಸಲಕ್ಕೆ ಬರುತ್ತದೆ. ರೆಕಾಡೊವನ್ನು ಫ್ರಿಜ್‌ನಲ್ಲಿಡಿ. ಒಂದು ವಾರದೊಳಗೆ ಬಳಸುವುದಿಲ್ಲ ಅಂತಾದರೆ ಸಣ್ಣ ಉಂಡೆ ಮಾಡಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ಒಂದೊಂದೇ ತೆಗೆದುಕೊಳ್ಳಬಹುದು.

ಆರು ತಿಂಗಳ ಮೇಲೂ ಡಬ್ಬಿಯ ತಳದಲ್ಲಿ ಪುಡಿ ಉಳಿದಿದ್ದರೆ ಒಂದು ಚಿಟಿಕೆ ಅಂಗೈಯಲ್ಲಿ ತಿಕ್ಕಿ ಮೂಸಿ. ಒಣದ್ರಾಕ್ಷಿಯ ವಾಸನೆ ಇನ್ನೂ ಇದ್ದರೆ ಬೀನ್ಸ್ ಬೇಯಿಸುವ ದಿನ ಅಳತೆ ನೋಡದೆ ಎಲ್ಲವನ್ನೂ ಸುರಿದು ಮುಗಿಸಿ. ಬರೀ ಧೂಳಿನ ವಾಸನೆ ಬಂದರೆ ಎಸೆದು, ಕಾವಲಿ ಒಲೆಯ ಮೇಲಿಡಿ.